ಮರಡಿ ಏರಿನ ಕಲ್ಲು

ಮರಡಿ ತಾತನ ಭಕ್ತರಿಗೆ ಮೊದಲೇ ಹೇಳಿಬಿಡುತ್ತೇನೆ. ಆ ಬುಧವಾರ ಬೆಳಿಗ್ಗೆ ನಿಜವಾಗಿ ಏನು ನಡೆಯಿತೆಂದು ನನಗೆ ಗೊತ್ತಿಲ್ಲ. ಲಾರಿಯ ಹಿಂದಿನ ಗಾಲಿಗೆ ಒಡ್ಡಿದ್ದ ಕಲ್ಲನ್ನು ನಾನು ತೆಗೆದೆನೋ, ನನ್ನ ಉಸ್ತಾದ್ ತೆಗೆದರೋ, ಇಬ್ಬರೂ ತೆಗೆಯದೆ ಹೊರಟುಬಿಟ್ಟೆವೋ, ಇಂದಿಗೂ ಹೇಳಲಾರೆ. ಕಲ್ಲೆತ್ತಿ ರಸ್ತೆಯಾಚೆ ಎಸೆದು, ಅಂಗೈಯ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡ ನೆನಪು ನನಗಿದೆ. ಆದರೆ ಅದು ಆ ದಿನದ ನೆನಪೋ, ಅದರ ಹಿಂದಿನ ಹದಿನೈದು ದಿನಗಳದ್ದೋ ತಿಳಿಯುವುದಿಲ್ಲ. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದವನು ನಾನು. ಮನುಷ್ಯ ನೆನೆದಾಗಲೆಲ್ಲ ನೆನಪನ್ನು ಸ್ವಲ್ಪ ಸ್ವಲ್ಪ ತಿದ್ದುತ್ತಾನೆ ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದವನು. ಆದ್ದರಿಂದ ನನ್ನ ಮಾತನ್ನು ನಾನೇ ಪೂರ್ತಿ ನಂಬುವುದಿಲ್ಲ. ನೀವೂ ಅಷ್ಟನ್ನೇ ನಂಬಿರಿ.

ಮರಡಿ ತಾತನ ಗದ್ದುಗೆ ನೋಡಿಕೊಳ್ಳುವ ಅಜ್ಜಾವರು, ಭಕ್ತರು ಬರೆದುಕೊಟ್ಟ ಅನುಭವಗಳ ಜೊತೆ ಇಡಲು ಇದನ್ನೂ ಬರೆದುಕೊಡು ಎಂದು ಹೇಳಿ ಬಹಳ ದಿನಗಳಾದವು. ಪ್ರತಿಸಲ ತಪ್ಪಿಸಿಕೊಂಡೆ. "ನನಗೇ ಗೊತ್ತಿಲ್ರಿ ಅಜ್ಜಾರ" ಎಂದೆ. "ಗೊತ್ತಿಲ್ಲದ್ದನ್ನೂ ಬರಿ. ಗೊತ್ತಿದ್ದವರು ಬರದದ್ದು ಕಪಾಟ ತುಂಬ ಐತಿ" ಎಂದರು.

ನನ್ನ ಊರು ಗಂಗಾವತಿ. ಓದು ಮುಗಿದ ಮೇಲೆ ಎರಡು ವರ್ಷ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಆಮೇಲೆ ಕೋಚಿಂಗ್ ಕ್ಲಾಸು, ಆಮೇಲೆ ಒಂದು ವಿಮಾ ಕಚೇರಿ. ಎಲ್ಲಿಯೂ ನಿಲ್ಲಲಿಲ್ಲ. ನನ್ನ ಕಾಲಲ್ಲಿ ಭಿಂಗರಿ ಇದೆ, ಬುಗುರಿಯ ಹಾಗೆ ತಿರುಗುತ್ತಲೇ ಇರುತ್ತೇನೆ ಎಂದು ಅವ್ವ ಹೇಳುತ್ತಿದ್ದಳು. ಕೊನೆಗೆ ಹೆವಿ ಲೈಸೆನ್ಸ್ ಮಾಡಿಸಿಕೊಂಡು ಕೊಪ್ಪಳದ ಒಂದು ಲಾರಿ ಕಂಪನಿಗೆ ಅರ್ಜಿ ಹಾಕಿದೆ. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಇಳಿಯುವ ಗೊಬ್ಬರದ ಚೀಲಗಳನ್ನು ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಗೋದಾಮುಗಳಿಗೆ ಮುಟ್ಟಿಸುವುದು ಅವರ ಕೆಲಸ.

ಲಾರಿ ಕಂಪನಿಗೆ ಸೇರುವ ಹೊಸಬರಿಗೆ ಅಲ್ಲಿ ಏನು ಕಾದಿರುತ್ತದೆ ಎಂದು ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ. ಮೊದಲ ದಿನ ಲೈಸೆನ್ಸ್ ನೋಡುತ್ತಾರೆ, ಕಣ್ಣು ಪರೀಕ್ಷೆ ಮಾಡಿಸುತ್ತಾರೆ. ಆಮೇಲೆ ಖಾಲಿ ಲಾರಿ ಕೊಟ್ಟು, ಎರಡು ಲಾರಿಗಳ ನಡುವಿನ ಸಂದಿಗೆ ಹಿಂದಕ್ಕೆ ತಂದು ನಿಲ್ಲಿಸು ಎನ್ನುತ್ತಾರೆ. ಹಳೆಯ ಡ್ರೈವರುಗಳೆಲ್ಲ ಚಹಾದ ಗ್ಲಾಸು ಹಿಡಿದು ನೋಡುತ್ತ ನಿಲ್ಲುತ್ತಾರೆ. ನಾನು ಮೂರನೆಯ ಸಲಕ್ಕೆ ನಿಲ್ಲಿಸಿದೆ. ಪಾಸಾದೆ ಎಂದು ಹಿಗ್ಗಿದವನಿಗೆ ಸೂಪರ್‌ವೈಸರ್ ತೋರಿಸಿದ್ದು ಎಡಗಡೆಯ ಸೀಟನ್ನು. ಹೊಸಬನು ಕಡಿಮೆಯೆಂದರೆ ಹದಿನೈದು ದಿನ ಹಳೆಯ ಡ್ರೈವರೊಬ್ಬರ ಪಕ್ಕದಲ್ಲಿ ಕೂರಬೇಕು. ಅವರೇ ಅವನ ಉಸ್ತಾದ್. ದಿನಾ ಬೆಳಿಗ್ಗೆ ಟೈರುಗಳನ್ನು ರಾಡಿನಿಂದ ಬಡಿದು ಶಬ್ದ ಕೇಳುವುದು, ಎಣ್ಣೆ ನೀರು ನೋಡುವುದು, ಚೀಲಗಳ ಮೇಲೆ ಹೊದಿಸಿದ ತಾಡಪತ್ರಿಯ ಹಗ್ಗ ಬಿಗಿಯುವುದು, ಕಾಟಾದಲ್ಲಿ ತೂಕ ಮಾಡಿಸಿ ಚೀಟಿ ತರುವುದು, ಗೋದಾಮಿನ ಮುಂದೆ ಅರ್ಧ ದಿನ ಕಾಯುವುದು. ಸ್ಟೇರಿಂಗ್ ಮುಟ್ಟುವುದಕ್ಕಿಂತ ಕಾಯುವುದೇ ಹೆಚ್ಚು.

ನನ್ನ ಉಸ್ತಾದ್ ಖಾಜಾಸಾಬರು. ಅರವತ್ತರ ಹತ್ತಿರದವರು, ಎಡ ಮೊಣಕಾಲು ಸರಿಯಿರಲಿಲ್ಲ. ನಾನು ಎಂ.ಎ. ಎಂದು ತಿಳಿದ ದಿನದಿಂದ ನನ್ನನ್ನು ಮಾಸ್ತರ ಎಂದೇ ಕರೆದರು.

"ನೋಡು ಮಾಸ್ತರ, ಇಲ್ಲಿ ಹೊಸಬಗ ಮೊದಲ ಕೈಗೆ ಸ್ಟೇರಿಂಗ್ ಕೊಡೂದಿಲ್ಲ. ಕಲ್ಲು ಕೊಡ್ತಾರ" ಎಂದು ಮೊದಲ ದಿನವೇ ಹೇಳಿದರು.

ಅದು ಹೀಗೆ. ತುಂಬಿದ ಲಾರಿಯನ್ನು ಏರಿನಲ್ಲಿ ನಿಲ್ಲಿಸಿದರೆ ಹ್ಯಾಂಡ್ ಬ್ರೇಕನ್ನು ಯಾರೂ ನಂಬುವುದಿಲ್ಲ. ಗಾಲಿಗೆ ಒಡ್ಡಲು ಕಂಪನಿಯವರು ಮರದ ಗುಟ್ಟ ಕೊಟ್ಟಿರುತ್ತಾರೆ. ಅದು ಎಂದೋ ಯಾರದೋ ಒಲೆಗೆ ಹೋಗಿರುತ್ತದೆ. ಹಾಗಾಗಿ ಎಡಗಡೆ ಸೀಟಿನವನು ಹಾರಿ ಇಳಿದು, ರಸ್ತೆ ಬದಿಯ ಒಂದು ದಪ್ಪ ಕಲ್ಲು ತಂದು ಹಿಂದಿನ ಗಾಲಿಗೆ ಒಡ್ಡಬೇಕು. ಹೊರಡುವಾಗ ಲಾರಿ ಒಂದು ಮಾರು ಮುಂದೆ ಸರಿದ ಮೇಲೆ ಆ ಕಲ್ಲೆತ್ತಿ ರಸ್ತೆಯಿಂದ ಆಚೆಗೆ ಎಸೆದು, ಓಡಿಬಂದು ಹತ್ತಬೇಕು. ಕಲ್ಲು ಎಡಗಡೆ ಸೀಟಿನವನದು. ಇದು ಎಲ್ಲೂ ಬರೆದಿಲ್ಲ, ಎಲ್ಲ ಲಾರಿಯವರಿಗೂ ಗೊತ್ತು.

ಕುಷ್ಟಗಿ ದಾರಿಯಲ್ಲಿ ಮರಡಿ ಏರು ಬರುತ್ತದೆ. ಏರಿನ ನಡುವೆ ಎಡಕ್ಕೆ ತಾತನ ಗದ್ದುಗೆ. ಖಾಜಾಸಾಬರು ಅಲ್ಲಿ ನಿಲ್ಲಿಸದೆ ಒಂದು ದಿನವೂ ಮುಂದೆ ಹೋದವರಲ್ಲ. ಎರಡು ಊದುಬತ್ತಿ ಹಚ್ಚಿ, ಒಂದು ಚಿಟಿಕೆ ವಿಭೂತಿ ತಂದು ಸ್ಟೇರಿಂಗಿಗೆ ಹಚ್ಚುತ್ತಿದ್ದರು. ನಾನು ಕಲ್ಲು ಒಡ್ಡಿ ಲಾರಿಯ ನೆರಳಲ್ಲಿ ನಿಲ್ಲುತ್ತಿದ್ದೆ. "ಒಳಗ ಬಾರೋ, ತಾತ ಏನ ನಿನ್ನ ಮಾರ್ಕ್ಸ್ ಕಾರ್ಡ್ ಕೇಳೂದಿಲ್ಲ" ಎಂದು ಕರೆಯುತ್ತಿದ್ದರು. ನಾನು ನಕ್ಕು ಅಲ್ಲಿಯೇ ನಿಲ್ಲುತ್ತಿದ್ದೆ. ಹದಿನೈದು ದಿನದಲ್ಲಿ ಒಮ್ಮೆಯೂ ಒಳಗೆ ಹೋಗಲಿಲ್ಲ.

ಶ್ರಾವಣದ ಆ ಬುಧವಾರ ಯಾರ್ಡಿನಲ್ಲಿ ಅವರು ಎಡಗಡೆ ಬಾಗಿಲು ತೆಗೆದು ತಾವೇ ಹತ್ತಿದರು. "ಇವತ್ತ ನೀ ಕುಂದ್ರು" ಎಂದರು. ತುಂಬಿದ ಲಾರಿಯನ್ನು ನಾನು ಮೊದಲ ಸಲ ಹೊಡೆದದ್ದು ಅಂದು. ಮರಡಿ ಏರಿನಲ್ಲಿ ನಿಲ್ಲಿಸಿದಾಗ ರೂಢಿಯಂತೆ ನಾನೇ ಇಳಿದು ಕಲ್ಲು ಒಡ್ಡಿದೆ. ಇದು ಚೆನ್ನಾಗಿ ನೆನಪಿದೆ. ಖಾಜಾಸಾಬರು ಕುಂಟುತ್ತ ಗದ್ದುಗೆಗೆ ಹೋಗಿ ಬಂದರು. ಸ್ಟೇರಿಂಗಿಗೆ ವಿಭೂತಿ ಹಚ್ಚಿದರು. ನನ್ನ ಹಣೆಗೂ ಹಚ್ಚಲು ಬಂದರು, ನಾನು ತಲೆ ಹಿಂದೆ ತೆಗೆದುಕೊಂಡೆ.

ಆಮೇಲೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಏರಿನಲ್ಲಿ ತುಂಬಿದ ಗಾಡಿ ಎತ್ತಬೇಕು, ಹಿಂದೆ ಸರಿಯಬಾರದು. ಕ್ಲಚ್ ಬಿಟ್ಟೆ, ಇಂಜಿನ್ ನಡುಗಿತು, ಲಾರಿ ಎದ್ದು ಮುಂದೆ ನಡೆಯಿತು. ಒಂದು ಅಂಗುಲವೂ ಹಿಂದೆ ಸರಿಯಲಿಲ್ಲ. "ಶಾಬಾಸ್ ಮಾಸ್ತರ" ಎಂದರು ಖಾಜಾಸಾಬರು. ಆ ಶಾಬಾಸಿನ ಹಿಗ್ಗಿನಲ್ಲಿ ಕುಷ್ಟಗಿ ಬಂದದ್ದೇ ತಿಳಿಯಲಿಲ್ಲ. ಕಲ್ಲು ಇದ್ದುದರಿಂದಲೇ ಲಾರಿ ಹಿಂದೆ ಸರಿಯಲಿಲ್ಲವಲ್ಲ, ಆ ಕಲ್ಲು ಏನಾಯಿತು ಎಂದು ಆಗ ಹೊಳೆಯಲಿಲ್ಲ. ಹದಿನೈದು ದಿನದ ರೂಢಿಯಿಂದ ಒಡ್ಡಿದವನು ನಾನು. ಲಾರಿಯವರ ಕಾಯಿದೆಯಂತೆ ತೆಗೆಯಬೇಕಾದವರು ಅಂದು ಎಡ ಸೀಟಿನಲ್ಲಿದ್ದ ಅವರು. ಅವರು ನಾನೆಂದು, ನಾನು ಅವರೆಂದು ಸುಮ್ಮನಿದ್ದೆವೇನೋ.

ಚೀಲ ಇಳಿಸಿ ಮೂರು ಗಂಟೆಯ ಹೊತ್ತಿಗೆ ಅದೇ ದಾರಿಯಲ್ಲಿ ಮರಳಿದೆವು. ಮರಡಿ ಏರಿನಲ್ಲಿ ಒಂದು ಹೆಂಗಸರ ಚಪ್ಪಲಿ ಬಿದ್ದಿತ್ತು. ಗಾಜಿನ ಚೂರುಗಳನ್ನು ಯಾರೋ ಅಂಚಿಗೆ ಸರಿಸಿದ್ದರು. ಗದ್ದುಗೆಯ ಮುಂದೆ ಕಾಯಿ ಮಾರುವ ಹನುಮವ್ವ ಎದ್ದು ಬಂದಳು.

"ಮಧ್ಯಾಹ್ನ ಒಂದ ಬೈಕ್ ಬಿತ್ರಿ ಖಾಜಾಸಾಬ್ರ. ಅಕ್ಕ ತಮ್ಮ ಇಬ್ರು. ತಮ್ಮಗ ಕೈ ತರಚೇತಿ. ಅಕಿ ತೆಲಿ ಕೆಳಗಾಗಿ ಬಿದ್ದಾಳ. ಕೊಪ್ಪಳಕ್ಕ ಒಯ್ದಾರ."

"ಹೆಂಗ ಬಿದ್ರ?"

"ಯಾವ ಪುಣ್ಯಾತ್ಮ ಲಾರಿಯಾವ ಕಲ್ಲು ಬಿಟ್ಟ ಹೋಗಿದ್ನೋ. ನಿಮ್ಮ ಮಂದಿಗೆ ಒಡ್ಡೂದ ನೆನಪಿರ್ತೈತಿ, ತಗಿಯೂದ ಇರೂದಿಲ್ಲ."

ಬೆಳಿಗ್ಗೆಯಿಂದ ಅಲ್ಲಿ ಎಷ್ಟು ಲಾರಿ ನಿಂತಿದ್ದವು ಎಂದು ಕೇಳಿದೆ. "ನಾ ಕಾಯಿ ಮಾರ್ಲೋ, ಲಾರಿ ಎಣಸ್ಲೋ?" ಎಂದಳು.

ಖಾಜಾಸಾಬರತ್ತ ನೋಡಿದೆ. ಅವರು ಕಣ್ಣು ತಪ್ಪಿಸಲಿಲ್ಲ. "ನಮ್ಮ ಕಲ್ಲು ನಾ ತಗದೀನಿ" ಎಂದರು. ಮೊಣಕಾಲು ಸರಿಯಿಲ್ಲದವರು ಯಾವಾಗ ಇಳಿದರು, ಹೇಗೆ ಓಡಿ ಬಂದು ಹತ್ತಿದರು? ಕೇಳುವ ಧೈರ್ಯ ಬರಲಿಲ್ಲ. ಅಂದು ಮೊದಲ ಸಲ ಗದ್ದುಗೆಯ ಒಳಗೆ ಹೋದೆ. ಕೈ ಮುಗಿದೆ. ನಾನು ಬೇಡಿಕೊಂಡದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. "ತಾತ, ಅದು ನನ್ನ ಕಲ್ಲು ಆಗಿರಬಾರದು" ಎಂದು ಬೇಡಿಕೊಂಡೆ. ಬಿದ್ದವಳ ಹೆಸರು ಕೂಡ ಕೇಳಿರಲಿಲ್ಲ.

ಮರುದಿನ ಡ್ಯೂಟಿಗೆ ಹೋಗಲಿಲ್ಲ. ಗಂಗಾವತಿಯಿಂದ ಬೆಳಗಿನ ಬಸ್ಸು ಹತ್ತಿ ಕೊಪ್ಪಳಕ್ಕೆ ಬಂದೆ. ಸೀಟು ಸಿಗದೆ ಬಾಗಿಲ ಬಳಿ ನಿಂತಿದ್ದೆ. ದಾರಿಯುದ್ದಕ್ಕೂ ಎದುರಿನ ಲಾರಿಗಳ ಹಿಂದಿನ ಗಾಲಿಗಳನ್ನೇ ನೋಡಿದೆ. ಆಸ್ಪತ್ರೆಯ ಐಸಿಯು ಮುಂದಿನ ಬೆಂಚಿನಲ್ಲಿ ಅವಳ ಗಂಡ ಕುಳಿತಿದ್ದ. ಇರಕಲ್ಲಗಡದ ಯಮನೂರಪ್ಪ. ಅವಳ ಹೆಸರು ಶಾಂತಮ್ಮ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ತವರಿನಲ್ಲಿ ತಾಯಿಗೆ ಹುಷಾರಿಲ್ಲವೆಂದು ತಮ್ಮನ ಬೈಕಿನಲ್ಲಿ ಹೊರಟಿದ್ದಳು. ಬಿದ್ದಾಗಿನಿಂದ ಕಣ್ಣು ತೆರೆದಿರಲಿಲ್ಲ.

ಎರಡು ದಿನ ನಾನು ಅವನ ಪಕ್ಕದಲ್ಲೇ ಕುಳಿತೆ, ಏನನ್ನೂ ಹೇಳಲಿಲ್ಲ. ಬೇರೆ ಯಾವುದೋ ರೋಗಿಯ ಕಡೆಯವನೆಂದು ಅವನು ತಿಳಿದಿದ್ದ. ನಾನು ಚಹಾ ತಂದುಕೊಟ್ಟರೆ ಕುಡಿಯುತ್ತಿದ್ದ. "ನಿಮ್ಮ ಪೇಶಂಟ್ ಹೆಂಗ ಅದಾರ್ರಿ ಸರ?" ಎಂದು ಅವನೇ ನನ್ನನ್ನು ವಿಚಾರಿಸಿದ. "ಹಂಗ ಅದಾರ್ರಿ" ಎಂದೆ. ನಡುವೆ ಒಮ್ಮೆ ಎದ್ದು ಪೊಲೀಸ್ ಠಾಣೆಗೂ ಹೋಗಿ ಹೇಳಿದೆ. ಅಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೆನಪಿಲ್ಲ ಅಂತೀರಿ, ಕಂಡವರೂ ಇಲ್ಲ ಅಂತೀರಿ. ಕಲ್ಲಿಗೇನ ನಂಬರ್ ಪ್ಲೇಟ್ ಇರ್ತೈತೇನ್ರಿ?" ಎಂದು ಹೆಸರು ಬರೆದುಕೊಂಡು ಕಳಿಸಿದರು. ಮುಂದೆ ಯಾರೂ ಕರೆಯಲಿಲ್ಲ. ಅಪರಾಧಿ ಎಂದಾದರೂ ಯಾರಾದರೂ ಹೇಳಿದ್ದರೆ ಹಗುರಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಡಾಕ್ಟರು ಹೊರಗೆ ಬಂದು ಯಮನೂರಪ್ಪನಿಗೆ ಏನೋ ಹೇಳಿ ಹೋದರು. ಅವನು ಬೆಂಚಿಗೆ ಬರದೆ ಅಂಗಳದ ಬೇವಿನ ಗಿಡದ ಕೆಳಗೆ ಹೋಗಿ ಕುಳಿತ. ನಾನೂ ಹಿಂದೆ ಹೋದೆ.

"ಇನ್ನ ಎರಡ ದಿನ ನೋಡೋಣ ಅಂದ್ರ. ಆಮ್ಯಾಲೆ ಹುಬ್ಬಳ್ಳಿಗೆ ಒಯ್ಯೋದೋ, ಮನಿಗೆ ಒಯ್ಯೋದೋ ನೀವ ಹೇಳ್ರಿ ಅಂದ್ರ" ಎಂದ. ದನಿ ಸವೆದು ಹೋಗಿತ್ತು.

ಆಗ ನನ್ನ ಬಾಯಿಂದ ಬಂತು. "ಅಣ್ಣಾರ, ಆ ಕಲ್ಲು ನಂದ ಇರಬಹುದು."

ಎಲ್ಲ ಹೇಳಿದೆ. ಎಂ.ಎ. ಓದಿದ್ದು, ಹೊಸದಾಗಿ ಸೇರಿದ್ದು, ಎಡ ಸೀಟು, ಬಲ ಸೀಟು, ಶಾಬಾಸ್, ಎಲ್ಲ. ಅವನು ಕೈಯಲ್ಲಿದ್ದ ಚಹಾದ ಕಾಗದದ ಕಪ್ಪನ್ನು ಸಣ್ಣಗೆ ಮಡಚುತ್ತ ಕೇಳಿದ.

"ಇರಬಹುದು ಅಂದ್ರ?"

"ನೆನಪಿಲ್ರಿ."

"ಇಷ್ಟ ಓದೀನಿ ಅಂತಿ, ನೆನಪಿಲ್ಲ ಅಂತಿ." ಮಡಚಿದ ಕಪ್ಪನ್ನು ನೆಲಕ್ಕೆ ಎಸೆದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದರೆ ಒಳ್ಳೆಯದೆಂದೂ ಅನ್ನಿಸಿತು. ಅವನು ಹೇಳಿದ: "ನಾನೂ ಹನ್ನೆರಡು ವರ್ಷ ಗಂಗಾವತಿ ಮಿಲ್ಲಿನ್ಯಾಗ ಹಮಾಲಿ ಮಾಡೀನಿ. ಎಷ್ಟು ಲಾರಿಗೆ ಕಲ್ಲು ಒಡ್ಡೀನೋ, ಎಷ್ಟು ತಗದೀನೋ, ನನಗ ನೆನಪೈತೇನು?"

ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಕಾಲು ಹಿಂದೆಳೆದುಕೊಂಡ.

"ನನ್ನ ಯಾಕ ಕೇಳ್ತಿ? ತೆಲಿ ಒಡದದ್ದು ನಂದಲ್ಲ. ಅಕಿ ಮುಂದ ಹೋಗಿ ಹೇಳು."

"ಅವರಿಗೆ ಎಚ್ಚರ ಇಲ್ಲಲ್ರಿ."

"ಕಿವಿಗೆ ಕೇಳಿರ್ತೈತಿ, ಮಾತಾಡಸ್ರಿ ಅಂತ ಡಾಕ್ಟರ್ ಹೇಳ್ಯಾರ. ಮೂರು ದಿನ ಕರದೆ. ನಾ ಕರದ್ರ ಅಕಿ ಎಂದ ಒಂದ ಸಲಕ್ಕ ಓ ಅಂದಾಳ? ನೀ ಹೋಗು. ಹೊಸ ದನಿ ಕೇಳಿದ್ರ ಯಾರಂತ ನೋಡಾಕಾದ್ರೂ ಕಣ್ಣು ತಗದಾಳು."

ಐಸಿಯು ಬಾಗಿಲಲ್ಲಿ ಕಾವಲಿನವನು ತಡೆದ. "ಅಕಿ ತಮ್ಮ ಅದಾನ, ಬಿಡ್ರಿ" ಎಂದ ಯಮನೂರಪ್ಪ. ಬಾಗಿಲಲ್ಲಿ ಇಟ್ಟಿದ್ದ ಪುಸ್ತಕದಲ್ಲಿ ಹೆಸರು, ಹೊತ್ತು ಬರೆದೆ. ಚಪ್ಪಲಿ ಬಿಡುತ್ತ ಅಲ್ಲಿಯೇ ಕಣ್ಣು ಮುಚ್ಚಿದೆ. ಮರಡಿಯ ಗದ್ದುಗೆ ಕಣ್ಣ ಮುಂದೆ ಬಂತು. "ತಾತ, ಕಲ್ಲು ನನ್ನದೇ ಇರಲಿ. ಅಕಿ ಏಳಲಿ." ಅಷ್ಟೇ ಬೇಡಿಕೊಂಡದ್ದು. ಹರಕೆ ಹೊರಲಿಲ್ಲ, ಚೌಕಾಶಿ ಮಾಡಲಿಲ್ಲ.

ಒಳಗೆ ಶಾಂತಮ್ಮ ಮಲಗಿದ್ದಳು. ಬೋಳಿಸಿದ ತಲೆಗೆ ಬಿಳಿಯ ಪಟ್ಟಿ, ಮೂಗಿನಲ್ಲಿ ನಳಿಕೆ. ಎಡಗೈಯಲ್ಲಿ ಎರಡು ಹಸಿರು ಬಳೆ ಉಳಿದಿದ್ದವು. ಬಲಗೈಯಲ್ಲಿ ಒಂದೂ ಇರಲಿಲ್ಲ. "ಅಕ್ಕಾರ" ಎಂದೆ. ಆಮೇಲೆ ಶುರು ಮಾಡಿದೆ. ನಾನು ಯಾರು, ಎಷ್ಟು ಕಡೆ ಕೆಲಸ ಬಿಟ್ಟೆ, ಲಾರಿ ಕಂಪನಿಗೆ ಯಾಕೆ ಸೇರಿದೆ, ಹಗ್ಗ ಬಿಗಿಯುವುದು ಎಷ್ಟು ಕಷ್ಟ, ಖಾಜಾಸಾಬರು ಹೇಗೆ ಬಯ್ಯುತ್ತಾರೆ. ಕೊನೆಗೆ ಬುಧವಾರಕ್ಕೆ ಬಂದೆ. "ಆ ಕಲ್ಲು ನಾ ಒಡ್ಡಿದ್ದು ಅಕ್ಕಾರ. ತಗದ ನೆನಪು ಆಗವಲ್ದು" ಎಂದೆ.

ಅವಳ ಎಡಗಣ್ಣಿನ ರೆಪ್ಪೆ ನಡುಗಿತು. ಆಮೇಲೆ ಎರಡೂ ಕಣ್ಣು ತೆರೆದವು. ನನ್ನನ್ನು ನೋಡಿದಳು. ಗುರುತಿಲ್ಲದವನನ್ನು ನೋಡುವ ಹಾಗೆ ನೋಡಿದಳು. ನಾನು ನರ್ಸಮ್ಮನನ್ನು ಕರೆದೆ. ಹೊರಗೆ ಬಂದಾಗ ಯಮನೂರಪ್ಪ ನನ್ನ ಮುಖ ನೋಡಿಯೇ ಗೋಡೆ ಹಿಡಿದು ಕುಳಿತುಬಿಟ್ಟ.

ಭಕ್ತರೇ, ಇಲ್ಲಿಗೆ ಮುಗಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ಶಾಂತಮ್ಮನ ಬಲಗೈ ಮರಳಲಿಲ್ಲ. ಬೆರಳುಗಳು ಮಡಚಿಯೇ ಉಳಿದವು. ಶಾಲೆಯವರು ಆರು ತಿಂಗಳು ಕಾದು ಬೇರೆಯವರನ್ನು ಅಡುಗೆಗೆ ತೆಗೆದುಕೊಂಡರು. ಅಷ್ಟು ಮಕ್ಕಳಿಗೆ ಉಣ್ಣಲಿಕ್ಕಿದ ಕೈ ಈಗ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ. ನಾನು ತಿಂಗಳಿಗೊಮ್ಮೆ ಇರಕಲ್ಲಗಡಕ್ಕೆ ಹೋಗುತ್ತೇನೆ. ಎಡಗೈಯಿಂದ ರೊಟ್ಟಿ ತಟ್ಟುವುದನ್ನು ಅವಳು ಕಲಿಯುತ್ತಿದ್ದಾಳೆ. "ದುಂಡಗ ಆಗವಲ್ದು ನೋಡಪಾ. ಇದು ಯಾವ ದೇಶದ ನಕ್ಷಾ ಹೇಳು, ನೀ ಓದಿದಾವ" ಎಂದು ನಗುತ್ತಾಳೆ. ಒಮ್ಮೆ ನಗುತ್ತಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆ ರೊಟ್ಟಿ ತಿಂದು ಬರುವುದು ನನಗೆ ಸುಲಭವಲ್ಲ.

ಕಲ್ಲಿನ ವಿಷಯ ಖಾಜಾಸಾಬರನ್ನು ಒಮ್ಮೆ ನೇರವಾಗಿ ಕೇಳಿದೆ. ಆಗ ಅವರು ಕೆಲಸ ಬಿಟ್ಟು ಮನೆಯಲ್ಲಿದ್ದರು. "ನಾ ತಗದೀನಿ ಅಂದ್ರ ನೀ ಗಾಡಿ ಹೊಡೀತಿ. ತಗದಿಲ್ಲ ಅಂದ್ರ ಇಳದು ಹೋಗ್ತಿ. ಇದಕ್ಕಿಂತ ಹೆಚ್ಚಿಗಿ ನನ್ನ ಕಡಿಂದ ಏನ ಬೇಕು ನಿನಗ?" ಎಂದರು. ನಾನು ಇಳಿದು ಹೋಗಲಿಲ್ಲ. ಈಗಲೂ ಅದೇ ಕಂಪನಿಯಲ್ಲಿದ್ದೇನೆ. ಒಂದೇ ಕಡೆ ನಾನು ಇಷ್ಟು ದಿನ ನಿಂತದ್ದು ಇದೇ ಮೊದಲು. ನನ್ನ ಲಾರಿಯಲ್ಲಿ ಮರದ ಗುಟ್ಟಕ್ಕೆ ಸರಪಳಿ ಹಾಕಿ ಅಡಿಯ ಕಬ್ಬಿಣದ ಚಾಸಿಗೆ ಬಿಗಿದಿದ್ದೇನೆ. ಮರೆತು ಹೊರಟರೂ ಅದು ಲಾರಿಯ ಹಿಂದೆಯೇ ಬರುತ್ತದೆ. ಹೊಸದಾಗಿ ಬಂದವರು ನನ್ನ ಪಕ್ಕದಲ್ಲಿ ಕುಳಿತರೆ ಮೊದಲು ಅದನ್ನೇ ತೋರಿಸುತ್ತೇನೆ. ಮರಡಿ ಏರಿನಲ್ಲಿ ಈಗ ನಾನೂ ಒಳಗೆ ಹೋಗುತ್ತೇನೆ.

ಆದರೂ ನನ್ನ ಬುದ್ಧಿ ಬಿಡಬೇಕಲ್ಲ. ತಿಂಗಳುಗಳು ಕಳೆದಂತೆ ಇನ್ನೊಂದು ಅನುಮಾನ ಹೊಕ್ಕಿತು. ಅವಳು ನಿಜವಾಗಿಯೂ ನನ್ನ ಮುಂದೆ ಕಣ್ಣು ತೆರೆದಳೇ? ಸಂಜೆ ತಾನು ಒಳಗೆ ಹೋದಾಗಲೇ ಅವಳು ಮೊದಲು ನೋಡಿದ್ದು ಎಂದು ಯಮನೂರಪ್ಪ ಈಗ ಹೇಳುತ್ತಾನೆ. ಬೆಳಕು ಹರಿಯುವಾಗಲೇ ರೆಪ್ಪೆ ಆಡಿತ್ತು ಎಂದು ನರ್ಸಮ್ಮ ಯಾರಿಗೋ ಹೇಳಿದರಂತೆ. ಶಾಂತಮ್ಮನಿಗೆ ಏನೂ ನೆನಪಿಲ್ಲ. ಕಲ್ಲು ಎಸೆದ ನೆನಪನ್ನು ಕಟ್ಟಿಕೊಂಡ ಹಾಗೆಯೇ ಇದನ್ನೂ ನಾನೇ ಕಟ್ಟಿಕೊಂಡೆನೋ ಏನೋ. ತಾತನ ಮುಂದೆ ನಿಂತಾಗಲೂ ಈ ಅನುಮಾನ ನನ್ನ ಜೊತೆಗೇ ನಿಲ್ಲುತ್ತಿತ್ತು. ಅದನ್ನೂ ಅವನ ಮುಂದೆಯೇ ಇಟ್ಟೆ. ಇನ್ನು ಬಚ್ಚಿಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಈ ವರ್ಷ ಶಾಂತಮ್ಮನ ಅಂಗವಿಕಲ ಪಿಂಚಣಿಯ ಅರ್ಜಿಗೆಂದು ಆಸ್ಪತ್ರೆಯ ಕಾಗದಪತ್ರ ಬೇಕಾದವು. ಯಮನೂರಪ್ಪನ ಜೊತೆ ನಾನು ಹೋದೆ. ಅವಳ ಕೇಸ್ ಶೀಟಿನ ಪ್ರತಿ ಕೊಟ್ಟರು. ಶನಿವಾರದ ಹಾಳೆಯಲ್ಲಿ ನರ್ಸಮ್ಮ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರು. ರೋಗಿ ದನಿ ಕೇಳಿ ಮೊದಲ ಸಲ ಕಣ್ಣು ತೆರೆದರು, ಬೆಳಿಗ್ಗೆ ಹನ್ನೊಂದೂವರೆ. ನಾನು ಕಾವಲಿನವನ ಹತ್ತಿರ ಹೋಗಿ, ಹೋಗಿ ಬರುವವರ ಹೆಸರು, ಹೊತ್ತು ಬರೆಸಲು ಐಸಿಯು ಬಾಗಿಲಲ್ಲಿ ಇಡುತ್ತಿದ್ದ ಹಳೆಯ ಪುಸ್ತಕ ಇದೆಯೇ ಎಂದು ಕೇಳಿದೆ. ಕಪಾಟಿನ ಕೆಳಗಿನಿಂದ ತೆಗೆದುಕೊಟ್ಟ. ಆ ಶನಿವಾರದ ಪುಟದಲ್ಲಿ ನನ್ನ ಹೆಸರು ಇತ್ತು, ನನ್ನದೇ ಅಕ್ಷರದಲ್ಲಿ. ಒಳಗೆ ಹೋದದ್ದು ಹನ್ನೊಂದು ಇಪ್ಪತ್ತು. ಹೊರಗೆ ಬಂದದ್ದು ಹನ್ನೊಂದು ನಲವತ್ತು.